ಕೂತು ತಿನ್ನಬಾರದ ರೊಟ್ಟಿ

ದ್ರ್ಯಾನೊವೊ ಊರಿನಲ್ಲಿ ಮಗು ಮೊದಲ ಹೆಜ್ಜೆ ಇಟ್ಟರೆ ಮನೆಯವರು ದುಂಡನೆಯ ರೊಟ್ಟಿ ಸುಟ್ಟು, ಜೇನು ಸವರಿ, ನೆಂಟರಿಷ್ಟರಿಗೆ ಹಂಚುತ್ತಾರೆ. ಆ ರೊಟ್ಟಿಯನ್ನು ಯಾರೂ ಕೂತು ತಿನ್ನುವಂತಿಲ್ಲ, ಓಡಾಡುತ್ತಲೇ ತಿನ್ನಬೇಕು. ಒಬ್ಬರು ಕೂತರೂ ಮಗು ಜೀವಮಾನವಿಡೀ ಆಮೆ. ಊರು ಈ ಕಟ್ಟಳೆಯನ್ನು ಮರೆತರೂ ಸ್ತಮೇನಾ ಅಜ್ಜಿ ಮರೆತವಳಲ್ಲ. ಒಮ್ಮೆ ಬಂದಿದ್ದ ಪಾದ್ರಿಯನ್ನೇ ಕುರ್ಚಿಯಿಂದ ಎಬ್ಬಿಸಿ, ತುತ್ತು ಬಾಯಲ್ಲಿರುವಾಗಲೇ ಅಂಗಳ ಸುತ್ತಿಸಿದ್ದಳು.

ಈಗ ಕುರ್ಚಿ ಹಿಡಿದು ಕೂತಿರುವವಳು ಅವಳೇ. ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಹಿಮಕ್ಕೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿ ತಿಂಗಳುಗಳೇ ಆದವು. ಇನ್ನು ನಡೆದರೆ ನಡಿಗೆ, ಇಲ್ಲದಿದ್ದರೆ ಕುರ್ಚಿಯೇ ಗತಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ನಡಿಗೆ ಕಲಿಸಲು ಒಬ್ಬ ಹುಡುಗಿಯೂ ಬಂದಳು. "ಎಡಗಾಲು, ಬಲಗಾಲು, ಭೇಷ್ ಅಜ್ಜಿ!" ಎಂದು ಅವಳು ಚಪ್ಪಾಳೆ ತಟ್ಟಿದ್ದೇ ತಡ, ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು.

"ಎಂಬತ್ತು ದಾಟಿದೋಳಿಗೆ ಚಪ್ಪಾಳೆ ತಟ್ಟಿ ನಡೆಯೋದ್ ಕಲಿಸ್ತಾಳಂತೆ! ನಾನೇನ್ ತೊಟ್ಟಿಲ ಕೂಸಾ?" ಎಂದು ಅವಳನ್ನು ಕಳಿಸಿಬಿಟ್ಟಳು. ಅವತ್ತಿನಿಂದ ಊರುಗೋಲು ಗೋಡೆಗೆ ಒರಗಿಯೇ ಇತ್ತು.

ಅಷ್ಟರಲ್ಲಿ ಮರಿಮಗ ವೆಲಿನ್ ತಟ್ಟಾಡುತ್ತಾ ನಡೆದುಬಿಟ್ಟ. ಭಾನುವಾರ ಹೆಜ್ಜೆಯ ರೊಟ್ಟಿ ಎಂದು ನಿಶ್ಚಯವಾಯಿತು. ಮಗಳು ಗಿಂಕಾ ಹಿಟ್ಟು ನಾದುವಾಗ ಅಜ್ಜಿ ಕೂತಲ್ಲಿಂದಲೇ, "ನೀರು ಜಾಸ್ತಿ ಆಯ್ತು" ಎಂದಳು. "ಎದ್ದು ಬಂದು ನೀನೇ ನಾದಮ್ಮ" ಎಂದಳು ಗಿಂಕಾ.

ಪಕ್ಕದ ಮನೆಯ ಪೆನ್ಕಾ ಒಳಗೆ ಬಂದವಳೇ ನಕ್ಕಳು. "ಏನ್ ಸ್ತಮೇನಕ್ಕ, ಊರೋರನ್ನೆಲ್ಲಾ ಎಬ್ಬಿಸ್ತಿದ್ದೆ. ಇವತ್ತು ನಿನ್ನ ಯಾರ್ ಎಬ್ಬಿಸ್ತಾರೆ?"

"ಸುಮ್ನಿರಿ ಪೆನ್ಕಾ ಆಂಟಿ," ಎಂದಳು ಮಗುವಿನ ತಾಯಿ, ಅಜ್ಜಿಯ ಮೊಮ್ಮಗಳು ರಲಿತ್ಸಾ. "ಅಜ್ಜಿ, ನೀನ್ ಕೂತೇ ತಿನ್ನು. ನಿಂಗೆ ಮಾಫಿ."

ಪೆನ್ಕಾಳ ಕೊಂಕಿಗಿಂತ ಈ ಮಾಫಿಯೇ ಅಜ್ಜಿಯನ್ನು ಚುಚ್ಚಿತು. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಎಂದು ಜನ್ಮವೆಲ್ಲ ಹೇಳಿಕೊಂಡು ಬಂದವಳು, ಈಗ ಮರಿಮಗನ ಹೆಜ್ಜೆಯ ರೊಟ್ಟಿಯನ್ನೇ ಕೂತು ತಿನ್ನುವುದೇ? ತಿನ್ನದೆ ಬಿಟ್ಟರೂ ಮಗುವಿಗೆ ಅಪಶಕುನ. ಏಳೋಣವೆಂದರೆ, ಎಲ್ಲರೆದುರು ಕಾಲು ನಡುಗಿ ಬಿದ್ದರೆ? ನಿಜ ಹೇಳಬೇಕೆಂದರೆ ಅವಳಿಗೆ ಅವಮಾನಕ್ಕಿಂತ ಭಯವೇ ಹೆಚ್ಚಾಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ನೆಲದ ಮೇಲೆ ಬಿಳಿ ಬಟ್ಟೆ ಹಾಸಿದರು. ಅದರ ತುದಿಯಲ್ಲಿ ಗಿಡ್ಡ ಮೇಜು; ಮೇಜಿನ ಮೇಲೆ ಕತ್ತರಿ, ಪೆನ್ನು, ಸೌಟು, ಕುರಿಯ ಕೊರಳಿನ ಹಳೆಯ ಗಂಟೆ. ಮಗು ಯಾವುದನ್ನು ಹಿಡಿಯುತ್ತದೋ ಅದೇ ಅದರ ಮುಂದಿನ ಕಸುಬು. ಗಿಂಕಾ ರೊಟ್ಟಿಯನ್ನು ಚಕ್ರದ ಹಾಗೆ ಉರುಳಿಸಿದಳು. ವೆಲಿನ್ ಅದರ ಹಿಂದೆ ಹೋದ, ಮೇಜಿನ ಹತ್ತಿರ ನಿಂತ, ಪೆನ್ನು ನೋಡಿದ, ಗಂಟೆ ಮುಟ್ಟಿದ. ಆಮೇಲೆ ಎಲ್ಲವನ್ನೂ ಬಿಟ್ಟು ನೇರವಾಗಿ ಗೋಡೆಯ ಕಡೆ ನಡೆದು ಅಜ್ಜಿಯ ಊರುಗೋಲನ್ನು ಹಿಡಿದುಕೊಂಡ.

ಅಪಶಕುನ ಕಳೆಯಲೆಂದು ಪೆನ್ಕಾ ತನ್ನ ಎದೆಗೆ ಥೂ ಥೂ ಎಂದು ಉಗುಳಿಕೊಂಡಳು. ರಲಿತ್ಸಾಳ ಮುಖ ಬಿಳಿಚಿತು. "ಇದು ಲೆಕ್ಕಕ್ಕಿಲ್ಲ, ಇನ್ನೊಂದ್ ಸಲ ಉರುಳಿಸಿ" ಎಂದು ಮಗುವಿನ ಕೈಯಿಂದ ಕೋಲು ಬಿಡಿಸಲು ಹೋದಳು.

"ಬಿಡೇ ಅವನ್ನ!" ಅಜ್ಜಿಯ ದನಿಗೆ ಎಲ್ಲರೂ ತಿರುಗಿದರು. "ಇದೇ ಮನೇಲಿ, ಇದೇ ಮೇಜಿಂದ ನನ್ನ ಮಗ ತ್ಸಾಂಕೊ ಆ ಗಂಟೆ ಎತ್ಕೊಂಡ. ಕುರುಬ ಆಗ್ತಾನೆ, ನೂರು ಕುರಿ ಕಾಯ್ತಾನೆ ಅಂತ ಎಲ್ರೂ ಕುಣಿದಾಡಿದ್ರು. ಶಾಲೆಗ್ ಹೋಗೋ ಮುಂಚೇನೇ ಜ್ವರ ಕೊಂಡೊಯ್ತು. ಅವತ್ತು ಅವ್ನು ಇಂಥಾ ಕೋಲು ಹಿಡಿದಿದ್ರೆ ನಾನು ಊರಿಗೆಲ್ಲ ಊಟ ಹಾಕಿಸ್ತಿದ್ದೆ."

ತಾನು ಹುಟ್ಟುವ ಮೊದಲೇ ಹೋದ ಅಣ್ಣನ ಹೆಸರನ್ನು ಅಮ್ಮನ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ, ಗಿಂಕಾ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು.

"ಮುದುಕ ಆಗ್ತಾನೆ ಇವ್ನು," ಎಂದಳು ಅಜ್ಜಿ. "ಅದಕ್ಕಿಂತ ದೊಡ್ಡ ಕಸುಬು ಯಾವ್ದಿದೆ? ಎಲ್ರಿಗೂ ಸಿಗುತ್ತಾ ಅದು? ಮುರೀರಿ ರೊಟ್ಟಿನ."

ಹೇಳಿದ ಮೇಲೆ ಅವಳಿಗೇ ತನ್ನ ಮಾತು ಕೇಳಿಸಿತು. ಆ ದೊಡ್ಡ ಕಸುಬು ತನ್ನ ಕೈಗೆ ಬಂದು ವರ್ಷಗಳೇ ಆಗಿದ್ದವು. ಅವಳೋ ಅದಕ್ಕೆ ನಾಚಿಕೊಂಡು ಕೂತಿದ್ದಳು. ಬಲಗೈಯಲ್ಲಿ ಕುರ್ಚಿಯ ತೋಳು ಹಿಡಿದು, ಎಡಗೈಯನ್ನು ಮಗುವಿನ ಕಡೆ ಚಾಚಿದಳು.

"ಬಾರೋ ಮರಿ. ಕೋಲು ನಿಂದೇ. ನಿಂಗಿನ್ನೂ ಬೇಕಾಗಿಲ್ಲ, ಅಲ್ಲೀವರ್ಗೂ ನನ್ ಹತ್ರ ಇರ್ಲಿ."

ವೆಲಿನ್ ಕೋಲು ಎಳೆದುಕೊಂಡು ಬಂದ, ಆದರೆ ಬಿಡಲಿಲ್ಲ. ಅಜ್ಜಿ ಹಿಡಿಯನ್ನು ಹಿಡಿದಳು, ಅವನು ಕೆಳಗೆ ಹಿಡಿದ. ರಲಿತ್ಸಾ ಓಡಿ ಬಂದು ಆಸರೆಗೆ ನಿಂತಳು. ಅಜ್ಜಿ ಎದ್ದಳು. ಮೊಣಕಾಲು ನಡುಗಿತು, ನಡುಗಲಿ ಎಂದು ಬಿಟ್ಟಳು. ಗಿಂಕಾ ರೊಟ್ಟಿಯ ಚೂರೊಂದನ್ನು ಅವಳ ಬಾಯಿಗಿಟ್ಟಳು. ಅಜ್ಜಿ ಒಂದು ಹೆಜ್ಜೆ ಇಟ್ಟಳು, ಮರಿಮಗ ಒಂದು ಹೆಜ್ಜೆ ಇಟ್ಟ, ಮತ್ತೆ ಅಜ್ಜಿ.

ಪೆನ್ಕಾ ತಡೆಯಲಾರದೆ ಚಪ್ಪಾಳೆ ತಟ್ಟಿದಳು, ತಟ್ಟಿದ ಮೇಲೆ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡಳು.

"ತಟ್ಟೇ, ತಟ್ಟು," ಎಂದಳು ಅಜ್ಜಿ, ರೊಟ್ಟಿ ಅಗಿಯುತ್ತಾ. "ಇಬ್ರಿಗೂ ಸೇರಿಸಿ ತಟ್ಟು." ನಾಲ್ಕು ಹೆಜ್ಜೆ ಆದ ಮೇಲೆ ಮಗಳ ಕಡೆ ತಿರುಗಿದಳು. "ಹೇಳಿದ್ನಲ್ಲ ಗಿಂಕಾ, ನೀರು ಜಾಸ್ತಿ ಆಗಿದೆ."