ಹನ್ನೆರಡು ಗೂಡಿನ ಟ್ರೇ

ಟ್ರೇ ಫ್ರೀಜರಿನ ತಳಕ್ಕೆ ಕಚ್ಚಿಕೊಂಡಿತ್ತು. ಮಂಜುಶ್ರೀ ಎಳೆದಳು. ಬರಲಿಲ್ಲ.

ಬಾಗಿಲಲ್ಲಿ ಮೇಲಿನ ಮನೆಯ ನಸೀಮಾ ನಿಂತಿದ್ದರು. "ಇವತ್ತೇ ಕೇಳ್ಬಾರ್ದು ಮಂಜು, ಬೇಜಾರ್ ಮಾಡ್ಕೋಬೇಡಿ. ಅಬ್ಬಾಗೆ ನಿನ್ನೆ ಹಲ್ಲು ಕೀಳಿಸಿದ್ವಿ. ಕೆನ್ನೆ ಬನ್ ಥರ ಊದಿದೆ. ಐಸ್ ಇಡ್ತಾ ಇರಿ ಅಂದ್ರು ಡಾಕ್ಟ್ರು. ಟ್ರೇ ನಿರಂಜನ್ ತಗೊಂಡಿದ್ರಲ್ಲ..."

"ತಂದ್ಕೊಡ್ತೀನಿ."

ನಸೀಮಾ ಹೋದರು. ಬರ್ತೀನಿ ಅನ್ನಲಿಲ್ಲ. ಹನ್ನೊಂದು ದಿನದಿಂದ ಈ ಮನೆಯಲ್ಲಿ ಯಾರೂ ಹಾಗೆ ಅಂದಿರಲಿಲ್ಲ.

ನಿನ್ನೆ ತಿಥಿ ಮುಗಿದಿತ್ತು. ಇವತ್ತು ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಎಸೆದು ಹೋಗಿದ್ದ.

ಸಾವಾದ ದಿನ ಅತ್ತೆ ಮುನಿಕೃಷ್ಣಮ್ಮ ಹುಣಸಮಾರನಹಳ್ಳಿಯಿಂದ ಬಂದವರೇ ಮನೆಯಲ್ಲಿದ್ದದ್ದನ್ನೆಲ್ಲ ಚೆಲ್ಲಿಸಿದ್ದರು: ಸಾರು, ಇಡ್ಲಿ ಹಿಟ್ಟು, ಹೆಪ್ಪು ಹಾಕಿದ ಹಾಲು. ಸಾವಿನ ಮನೆಯಲ್ಲಿ ಹಳೆಯದು ಉಳಿಯಬಾರದು. ಫ್ರೀಜರು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಚಾಕುವಿನ ಹಿಡಿಯಿಂದ ತಟ್ಟಿದಾಗ ಟ್ರೇ ಎದ್ದಿತು. ಹನ್ನೆರಡು ಗೂಡಿನಲ್ಲೂ ಕಪ್ಪು. ಗಂಡ ನಿರಂಜನ್ ಆ ಶನಿವಾರ ಹುಯ್ದಿಟ್ಟ ಡಿಕಾಕ್ಷನ್. "ನೀರಿನ ಐಸ್ ಹಾಕಿದ್ರೆ ಕಾಫಿ ನೀರಾಗುತ್ತೆ ಕಣೇ. ಕಾಫಿನೇ ಐಸ್ ಆಗ್ಬೇಕು." ಭಾನುವಾರಕ್ಕೊಂದು ರುಚಿ: ಏಲಕ್ಕಿ, ವೆನಿಲಾ, ಒಮ್ಮೆ ಕಿತ್ತಳೆ ಸಿಪ್ಪೆ. ಲೋಟ ಕೊಟ್ಟು ಮುಖ ನೋಡುತ್ತ ನಿಲ್ಲುತ್ತಿದ್ದ. ಅವಳು ಮೊಬೈಲಿನಿಂದ ಕಣ್ಣೆತ್ತದೆ "ಚೆನ್ನಾಗಿದೆ" ಅನ್ನುತ್ತಿದ್ದಳು. ಎಂ.ಎ. ಓದಿದವಳಿಗೆ ಬೇರೆ ಪದ ಸಿಗದೆ ಅಲ್ಲ. ತಣ್ಣನೆ ಕಾಫಿ ಅವಳಿಗೆ ಸೇರುತ್ತಿರಲಿಲ್ಲ.

ಆ ಭಾನುವಾರ ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ.

ಸಿಂಕಿಗೆ ಬಗ್ಗಿಸಿದರೆ ಒಂದು ನಿಮಿಷದ ಕೆಲಸ. ಕೈ ಹಿಂದಕ್ಕೆ ಬಂತು. ಡಬ್ಬಿಯಲ್ಲಿ ಹಾಕಿಡಬಹುದು. ಇಟ್ಟು ಏನು ಮಾಡುವುದು? ಅವನು ಕೊನೆಯದಾಗಿ ಮಾಡಿಟ್ಟದ್ದು ಇದೊಂದೇ.

ಹನ್ನೆರಡನ್ನೂ ಚೊಂಬಿಗೆ ಉದುರಿಸಿ ಹಾಲು ಹುಯ್ದಳು. ಕರಗುವವರೆಗೆ ಸುಮ್ಮನೆ ನಿಂತು ಕಾಯಲಾಗಲಿಲ್ಲ. ಸ್ಟವ್ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕುಡಿದಳು.

ಏಲಕ್ಕಿಯಲ್ಲ. ವೆನಿಲಾ ಅಲ್ಲ. ಸುಗಂಧರಾಜ.

ಹೆಣಕ್ಕೆ ತಂದು ಮಿಕ್ಕ ಹೂವನ್ನು ಯಾರೋ ಪೇಪರಿನಲ್ಲಿ ಸುತ್ತಿ ಫ್ರೀಜರಿಗೆ ತುರುಕಿದ್ದರು. ಆಮೇಲೆ ಯಾರೋ ತೆಗೆದಿದ್ದರು. ವಾಸನೆಯನ್ನು ತೆಗೆದಿರಲಿಲ್ಲ.

"ಚೆನ್ನಾಗಿದೆ," ಅಂದಳು, ಜೋರಾಗಿ.

"ಯಾರ್ ತಾವ ಮಾತಾಡ್ತಿದ್ದೀಯವ್ವ?" ನಡುಮನೆಯಿಂದ ಅತ್ತೆ.

"ಯಾರಿಲ್ಲ."

"ಇಂಗೆಲ್ಲ ಒಬ್ಬೊಬ್ಳೇ ಮಾತಾಡ್ಬ್ಯಾಡ."

ನಿಂತೇ ಪೂರ್ತಿ ಕುಡಿದಳು. ಈಗ ಅಳು ಬರುತ್ತದೆ ಅಂದುಕೊಂಡಳು. ಹಲ್ಲು ಜುಮ್ಮೆಂದವು, ಅಷ್ಟೇ.

ಟ್ರೇಯನ್ನು ಮೂರು ಸಲ ತೊಳೆದಳು. ಅತ್ತೆ ಬಂದು ನೋಡಿದರು.

"ಬರೀದು ಕೊಡ್ಬಾರ್ದು ಕಣವ್ವ. ಏನಾನ ಆಕಿ ಕೊಡು."

"ಏನ್ ಹಾಕ್ಲಿ?"

ಸಕ್ಕರೆ ಡಬ್ಬಿ ಎತ್ತಿಕೊಂಡ ಅತ್ತೆ ಅದನ್ನು ಮತ್ತೆ ಅಲ್ಲೇ ಇಟ್ಟರು. ಈ ಮನೆಯಿಂದ ಯಾರಿಗೆ ಸಿಹಿ ಕೊಡುವುದು?

ಮಂಜುಶ್ರೀ ನಲ್ಲಿ ತಿರುಗಿಸಿ ಹನ್ನೆರಡು ಗೂಡಿಗೂ ನೀರು ತುಂಬಿದಳು.

ಮೆಟ್ಟಿಲು ಹತ್ತುವಾಗ ಒಂದು ಗೂಡಿನ ನೀರು ಇನ್ನೊಂದಕ್ಕೆ ತುಳುಕುತ್ತಿತ್ತು. ನಸೀಮಾ ಎರಡೂ ಕೈಯಲ್ಲಿ ತೆಗೆದುಕೊಂಡರು.

"ಅಯ್ಯೋ, ನೀರು ಯಾಕ್ ಹೊತ್ಕೊಂಡ್ ಬಂದ್ರಿ? ನಮ್ಮನೇಲಿ ನೀರಿಲ್ವಾ?" ಮೂಗು ಹತ್ತಿರ ತಂದು ನಕ್ಕರು. "ಹೂವಿನ ವಾಸ್ನೆ. ಹೂ ಹಾಕಿದ್ರಾ?"

ಒಳಗೆ ಕುರ್ಚಿಯಲ್ಲಿ ಊದಿದ ಕೆನ್ನೆಗೆ ಅಂಗೈ ಕೊಟ್ಟು ಮುದುಕರು ಕಾಯುತ್ತಿದ್ದರು.

"ಎಷ್ಟ್ ಹೊತ್ತಾಗುತ್ತೆ?" ಮಂಜುಶ್ರೀ ಕೇಳಿದಳು.

"ಏನು?"

"ಗಟ್ಟಿಯಾಗೋಕೆ."

ನಸೀಮಾ ಟ್ರೇಯನ್ನು ಫ್ರೀಜರಿಗೆ ನೂಕಿ ಬಾಗಿಲು ಮುಚ್ಚಿದರು. ಮಂಜುಶ್ರೀ ಹೊಸ್ತಿಲಾಚೆಯೇ ನಿಂತಿದ್ದಳು, ಎರಡು ಕೈಗಳನ್ನೂ ಇನ್ನೂ ಮುಂದೆ ಚಾಚಿಕೊಂಡು, ಅಲುಗಾಡಿದರೆ ಚೆಲ್ಲುತ್ತದೆ ಅನ್ನುವಂತೆ.