ಮುಚ್ಚಳ ಎಂಬ ಬೈಗುಳ

ತಂತಿ ಕಚೇರಿಯಲ್ಲಿ ಸಂದೇಶ ಬಡಿಯುವುದರಲ್ಲಿ ಅವಳ ಅಪ್ಪನ ಕೈಗೆ ಸಾಟಿಯಿರಲಿಲ್ಲ. ಕೈಕೊಟ್ಟದ್ದು ಕಿವಿ. ವಿಷಮಜ್ವರ ಬಂದು ಹೋದ ಮೇಲೆ, ಬರುವ ಸಂದೇಶವನ್ನು ಕೇಳಿಯೇ ಬರೆದುಕೊಳ್ಳಬೇಕಾದ ಯಂತ್ರದ ಟಕಟಕ ಅವನಿಗೆ ಗೋಡೆಯಾಚೆಯಿಂದ ಬಂದಂತೆ ಕೇಳತೊಡಗಿತು. ಹೊಗೆಸೊಪ್ಪಿನ ಡಬ್ಬಿಯ ತಗಡಿನ ಮುಚ್ಚಳವನ್ನು ಯಂತ್ರದ ಬೆನ್ನಿಗೆ ಸಿಕ್ಕಿಸಿದ. ಸದ್ದು ಖಣಖಣ ಎಂದಿತು. ಹೊಟ್ಟೆಪಾಡು ನಡೆಯಿತು.

ಪಕ್ಕದ ಮೇಜಿನಲ್ಲಿದ್ದವನು ಅವನ ಭಾವಮೈದ, ಹೆಂಡತಿಯ ತಮ್ಮ. ಬಾಯಿ ಸುಮ್ಮನಿರದ ಆಸಾಮಿ. "ಏನ್ ಭಾವ, ಮುಚ್ಚಳ ಇಲ್ದೆ ನಿಮ್ಮ ಬೇಳೆ ಬೇಯಲ್ವಾ?" ಎಂದ. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ತಂತಿ ಖಾಲಿಯಿದ್ದಾಗ ಭಾವಮೈದ ಅದನ್ನೇ ಬೇರೆ ಊರಿನ ಕಚೇರಿಗಳಿಗೂ ಬಡಿದು ಕಳಿಸಿದ. ಸಂದೇಶ ಅರ್ಥವಾಗದೆ "ಇನ್ನೊಮ್ಮೆ ಕಳಿಸಿ" ಎಂದವರೆಲ್ಲ ಅಂದಿನಿಂದ ಮುಚ್ಚಳಗಳಾದರು. ಮಾತು ಮೇಲಧಿಕಾರಿಯವರೆಗೂ ಹೋಯಿತು. ಅವರು ಬಂದು ತಗಡು ಕಿತ್ತುಹಾಕಿ ಅಪ್ಪನನ್ನು ಪರೀಕ್ಷಿಸಿದರು. ಮರುದಿನದಿಂದ ಅವನಿಗೆ ಲಕೋಟೆಗೆ ಅಂಟು ಹಚ್ಚುವ ಕೆಲಸ.

"ತಮಾಷೆಗೆ ಅಂದಿದ್ದು ಕಣಕ್ಕಾ," ಎಂದು ಭಾವಮೈದ ಅಕ್ಕನ ಮುಂದೆ ತಲೆ ಕೆರೆದುಕೊಂಡ. ಅಕ್ಕ ಬಾಗಿಲು ಹಾಕಿಕೊಂಡಳು.

ವರ್ಷಗಳ ನಂತರ ಮಗಳು ಅದೇ ತಂತಿ ಕೆಲಸ ಕಲಿಯಲು ಸೇರಿದಾಗ, ಪಾಠ ಹೇಳುವವನು ಅದೇ ಸೋದರಮಾವ. ಒಮ್ಮೆ ಜೊತೆಯವಳೊಬ್ಬಳು ಕೇಳಿದಳು: "ಸರ್, ತಪ್ಪು ಮಾಡೋರನ್ನ ಮುಚ್ಚಳ ಅಂತಾರಲ್ಲ, ಯಾಕೆ?"

"ತಲೆಗೆ ಮುಚ್ಚಳ ಹಾಕ್ಕೊಂಡಿರ್ತಾರೆ, ಒಳಗೆ ಏನೂ ಇಳಿಯಲ್ಲ. ಬಹಳ ಹಳೇ ಮಾತು. ಯಾರು ಶುರು ಮಾಡಿದ್ರೋ."

ಮಗಳು ಎದ್ದು ನಿಂತಳು. "ತಲೇದಲ್ಲ ಮಾವ, ಹೊಗೆಸೊಪ್ಪಿನ ಡಬ್ಬೀದು. ಡಬ್ಬಿ ನಮ್ಮಪ್ಪಂದು. ಶುರು ಮಾಡಿದ್ದು ನೀವು."

ಅವನ ಮುಖ ಬಿಳಿಚಿಕೊಂಡಿತು. "ಇಲ್ಲಿ ಮಾವ ಗೀವ ಯಾರೂ ಇಲ್ಲ. ಕೂತ್ಕೋ," ಎಂದು ಬೋರ್ಡಿನತ್ತ ತಿರುಗಿದ.

ನಿಜ ಹೇಳಿದ್ದಕ್ಕೆ ಅವಳಿಗೆ ದಕ್ಕಿದ್ದು ಇಷ್ಟೇ: ಸಂಜೆಯೊಳಗೆ ಅವಳ ಹೆಸರು ಮರಿಮುಚ್ಚಳ ಎಂದಾಯಿತು.

ಮನೆಯಲ್ಲಿ ಅಪ್ಪ ಕೇಳಿದ, "ನಿಮ್ಮ ಮಾವ ಚೆನ್ನಾಗಿ ಹೇಳ್ಕೊಡ್ತಾನಾ?"

"ಹೂಂ," ಎಂದಳು. ಅವನಿಗೆ ಕೇಳಿಸಲಿಲ್ಲ. ಕೂಗಿ ಹೇಳುವ ಮನಸ್ಸಾಗದೆ ತಲೆಯಾಡಿಸಿದಳು.

"ಬಾಯಿ ಸ್ವಲ್ಪ ಜಾಸ್ತಿ ಅಷ್ಟೇ. ಮನಸ್ಸಲ್ಲಿ ಏನೂ ಇಟ್ಕೊಳ್ಳೋನಲ್ಲ ಅವನು," ಎಂದ ಅಪ್ಪ, ಬೆರಳಿಗೆ ಒಣಗಿ ಅಂಟಿದ್ದ ಗೋಂದನ್ನು ಉಗುರಿನಿಂದ ಕೆರೆಯುತ್ತಾ.

ಅವಳಿಗೆ ಆಗ ಮಾವನಿಗಿಂತ ಅಪ್ಪನ ಮೇಲೆಯೇ ಹೆಚ್ಚು ಸಿಟ್ಟು ಬಂತು.