ಏಳನೆಯ ಗಂಡಿ

ತಪ್ಪು ನನ್ನದೇ. ವಿಜಯನಗರ ಬಡಾವಣೆ ದಾಟಿದ ಮೇಲೆ ಸಿಗುವ, ದನ ಮೇಯುವ ಇಳಿಜಾರಿನ ಕಾವಲನ್ನು ಅಳೆದು ನಕ್ಷೆ ಬರೆದವಳು ನಾನು. ಇಳಿಜಾರಿಗೆ ಅಡ್ಡವಾಗಿ ಹೋಗಿದ್ದ ಕಲ್ಲುಮಣ್ಣಿನ ಏರಿಯನ್ನು ನೋಡಿ ‘ಬದು’ ಎಂದು ಬರೆದು ಸಹಿ ಹಾಕಿದೆ. ಬದುವಾದರೆ ಅಲ್ಲಿ ಹೊಸ ಬಡಾವಣೆ ಮಾಡಹೊರಟವರು ಸಮ ಮಾಡಬಹುದು. ಕಾಲುವೆಯಾದರೆ ಮುಟ್ಟುವ ಹಾಗಿಲ್ಲ.

ಕುವೆಂಪುನಗರದ ಮನೆಯಲ್ಲಿ ಊಟದ ಮೇಜಿನ ಮೇಲೆ ಆ ನಕ್ಷೆ ಹರಡಿದ್ದಾಗ ಅಪ್ಪ ಭೂತಗನ್ನಡಿ ಹಿಡಿದು ನೋಡಿದರು. ಅಪ್ಪನ ಹೆಸರು ಸಿದ್ದಪ್ಪಾಜಿ, ವಯಸ್ಸು ಎಂಬತ್ತೆರಡು. ಆ ಕಾವಲಿನ ಕೊನೆಯ ನೀರುಗಂಟಿ ಅವರೇ. ಊರವರಿಗೆಲ್ಲ ಪಾಳಿಯ ಪ್ರಕಾರ ನೀರು ಹಂಚುವುದು ನಮ್ಮ ಮನೆತನಕ್ಕೆ ಬಂದ ಕೆಲಸ.

“ಯಾವನವ್ವ ಇದನ್ನ ಬದು ಅಂತ ಬರ್ದಿರೋನು?”

ನಾನೇ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಹುಟ್ಟುವ ಹೊತ್ತಿಗೆ ಆ ಕಾಲುವೆಗೆ ನೀರು ಕೊಡುತ್ತಿದ್ದ ಮೇಲಿನ ಕಟ್ಟೆ ಒಡೆದುಹೋಗಿತ್ತು. ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ಅಪ್ಪ ಅಂದು ವಿವರಿಸಿ ಹೇಳಿದ ಮೇಲೇ ನನಗೆ ತಿಳಿದದ್ದು. ಕಟ್ಟೆಯ ನೀರನ್ನು ಗುಡ್ಡದ ಅಡ್ಡಕ್ಕೆ ಮಟ್ಟವಾಗಿ ತಂದು, ಏರಿಯಲ್ಲಿ ಅಲ್ಲಲ್ಲಿ ಬಾಯಿ ಬಿಡಿಸಿ ಹುಲ್ಲಿನ ಮೇಲೆ ಚೆಲ್ಲಿಸುತ್ತಿದ್ದರಂತೆ. ಆ ಬಾಯಿಗೇ ಗಂಡಿ ಎನ್ನುವುದು. ಮಾಗಿಯಲ್ಲಿ ಸುತ್ತೆಲ್ಲ ಒಣಗಿದರೂ ಇಲ್ಲಿ ದನಕ್ಕೆ ಹಸಿರು ಮೇವು. ಏಳು ಗಂಡಿ, ಏಳು ಪಟ್ಟಿ ಹುಲ್ಲು. ಒಂದೊಂದು ಪಟ್ಟಿ ಒಂದೊಂದು ಮನೆಯದು, ಏಳನೆಯದು ನೀರುಗಂಟಿಯದು.

ಮರುದಿನ ಮೇಲಧಿಕಾರಿ ಪ್ರಭುಸ್ವಾಮಿಯವರ ಮುಂದೆ ತಪ್ಪೊಪ್ಪಿಕೊಂಡೆ. ಮೊದಲನೆಯ ಪಟ್ಟಿ ಒಂದು ಕಾಲಕ್ಕೆ ಅವರ ತಾತನದು. ಅದು ಅವರಿಗೂ ಗೊತ್ತು, ಅಪ್ಪ ಹೇಳಿದ್ದರಿಂದ ನನಗೂ ಗೊತ್ತು.

“ಹಳೇ ದಫ್ತರದಲ್ಲಿ ಏಳು ಗಂಡಿ ಅಂತಿದೆ ಕಣಮ್ಮ. ಏಳರಲ್ಲೂ ನೀರು ಹರಿಯೋದನ್ನ ನನ್ನ ಕಣ್ಣಾರೆ ನೋಡಿದ್ರೆ ನಕ್ಷೆ ತಿದ್ದಿಸ್ತೀನಿ. ಒಂದು ಕಮ್ಮಿ ಆದ್ರೂ ಬದು ಬದುವೇ.”

ಶನಿವಾರ ಬೆಳಿಗ್ಗೆ ಕಾಲುವೆಯ ತಲೆಗೆ ಎರಡು ಟ್ಯಾಂಕರ್ ನೀರು ತರಿಸಿದೆ. ಒಣಗಿದ ಕಾಲುವೆ ಮೊದಲ ಟ್ಯಾಂಕರಿನ ನೀರನ್ನು ಪೂರ್ತಿ ಕುಡಿದುಬಿಟ್ಟಿತು. ಎರಡನೆಯದರ ನೀರು ನಿಧಾನವಾಗಿ ಮುಂದೆ ಬಂತು. ಅಪ್ಪ ಗುದ್ದಲಿ ಊರಿಕೊಂಡು ಅದರ ಜೊತೆಜೊತೆಗೇ ನಡೆದರು. ಮನೆಯಲ್ಲಿ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವ ಮನುಷ್ಯ, ಇಲ್ಲಿ ಒಮ್ಮೆಯೂ ಎಡವಲಿಲ್ಲ. ಪೊದೆಯ ಮರೆಯಲ್ಲಿದ್ದ ಮೊದಲನೆಯ ಗಂಡಿಯನ್ನು ಕಾಲಿನಿಂದಲೇ ತಡವಿ ಹುಡುಕಿ ಮಣ್ಣು ಸರಿಸಿದರು. ಹೆಂಚಿನ ಮೇಲೆ ದೋಸೆಹಿಟ್ಟು ಹರಡಿದ ಹಾಗೆ ನೀರು ತೆಳ್ಳಗೆ ಹುಲ್ಲಿನ ಮೇಲೆ ಹರಡಿತು. ಮಣ್ಣಿನ ಹೆಂಟೆ ಇಟ್ಟು ಆ ಗಂಡಿಯನ್ನು ಮುಚ್ಚಿ ಮುಂದಿನದಕ್ಕೆ ಹೋದರು. ಹೀಗೆ ಆರು ಆಯಿತು. ಪ್ರಭುಸ್ವಾಮಿ ಒಂದೊಂದಕ್ಕೂ ಫೈಲಿನಲ್ಲಿ ಗುರುತು ಹಾಕಿಕೊಂಡರು.

ಏಳನೆಯದರ ಹತ್ತಿರ ಬಂದು ಅಪ್ಪ ಗುದ್ದಲಿಯನ್ನು ನೆಲಕ್ಕಿಟ್ಟರು.

“ತೆಗೀರಿ ಅಪ್ಪ, ನೀರು ಇಂಗ್ತಾ ಇದೆ.”

“ನಾನು ತೆಗ್ಯಂಗಿಲ್ಲ ಮಗಾ. ತನ್ನ ಗಂಡಿ ತಾನೇ ತೆಗೆದ ನೀರುಗಂಟಿ ಕಳ್ಳ.”

ನನಗೆ ಸಿಟ್ಟು ನೆತ್ತಿಗೇರಿತು. ಯಾವ ಊರು, ಯಾವ ಕಾಲದ ಕಟ್ಟಳೆ! ನಾನೇ ಗುದ್ದಲಿಗೆ ಕೈ ಹಾಕಿದೆ. ಅಪ್ಪ ಅದರ ಮೇಲೆ ಕಾಲಿಟ್ಟರು.

“ನೀನೂ ನೀರುಗಂಟಿ ಮನೆಯೋಳೇ.”

ಪ್ರಭುಸ್ವಾಮಿ ಹತ್ತಿರ ಬಂದರು. “ಮತ್ತೆ ಯಾರು ತೆಗೀಬೇಕು ಯಜಮಾನ್ರೇ?”

“ಮೊದಲ್ನೇ ಪಟ್ಟಿಯೋರು. ನಾವಾಗಿ ಕೇಳಂಗಿಲ್ಲ. ಅವರಿಗೇ ಗ್ಯಾಪ್ಕ ಬರ್ಬೇಕು.”

“ತೆಗೀತಿದ್ರಾ?”

ಅಪ್ಪ ನೀರನ್ನೇ ನೋಡುತ್ತಿದ್ದರು. “ನಿಮ್ ತಾತ ಮರೆತುಬುಡೋರು, ಬುದ್ಧೀ. ನಾನು ನೀರು ಬುಟ್ಟಿದ್ದು ಹತ್ತೊಂಬತ್ತು ಮಾಗಿ. ಎರಡು ಸಲ ತೆಗುದ್ರು.”

ಒಡೆಯರ ಮುಂದೆ ತಗ್ಗಿ ಕರೆಯುವ ಆ ‘ಬುದ್ಧೀ’ ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಒಂದೇ ಎಮ್ಮೆಯ ಮೇವಿಗಾಗಿ ಅವ್ವ ದಿನಾ ಎರಡು ಮೈಲಿ ನಡೆದು ಹುಲ್ಲು ಹೊತ್ತು ತರುತ್ತಿದ್ದಳಂತೆ. ಕಾವಲಿನಲ್ಲಿ ನಮ್ಮದೇ ಪಟ್ಟಿ ಇದ್ದೂ ಯಾಕೆಂದು ಆಗ ಅರ್ಥವಾಯಿತು. ನಾನು ನಕ್ಷೆಯಲ್ಲಿ ಬದು ಎಂದು ಬರೆದು ಅಳಿಸಹೊರಟಿದ್ದು ಇದನ್ನೂ ಸೇರಿಸಿಯೇ.

ನೀರು ಬೆರಳುದ್ದ ಇಳಿದಿತ್ತು. ಪ್ರಭುಸ್ವಾಮಿ ಫೈಲನ್ನು ನನ್ನ ಕೈಗೆ ಕೊಟ್ಟು, ಬೂಟು ಕಳಚಿ, ಪ್ಯಾಂಟು ಮಡಚಿದರು. ಅಪ್ಪ ಗುದ್ದಲಿಯ ಮೇಲಿನ ಕಾಲು ತೆಗೆದರು. ಅಭ್ಯಾಸವಿಲ್ಲದ ಕೈ, ಮೊದಲ ಏಟು ಕಲ್ಲಿಗೆ ಬಿತ್ತು, ಎರಡನೆಯದು ಜಾರಿತು. ಮೂರನೆಯದಕ್ಕೆ ಮಣ್ಣು ಬಿಟ್ಟುಕೊಂಡಿತು.

ಉಳಿದಿದ್ದೇ ಸ್ವಲ್ಪ ನೀರು. ಅಪ್ಪ ಪಟ್ಟಿಯೊಳಗೆ ನಾಲ್ಕು ಹೆಜ್ಜೆ ಇಳಿದು ಬರಿಗಾಲಲ್ಲಿ ನಿಂತರು. ನೀರು ಅವರ ಪಾದ ಮುಟ್ಟಿ ಅಲ್ಲೇ ಇಂಗಿತು. ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳಲೂ ಹೋಗಲಿಲ್ಲ.

“ಯಾರು ತೆಗುದ್ರು ಅಂತಾನೂ ಬರ್ಕೊ ಮಗಾ,” ಎಂದರು ಅಪ್ಪ.

ಫೈಲಿನಲ್ಲಿದ್ದ ನಕ್ಷೆಯಲ್ಲಿ ‘ಬದು’ ಹೊಡೆದುಹಾಕಿ ‘ಕಾಲುವೆ’ ಎಂದು ಬರೆದೆ. ಏಳು ಗೆರೆ ಎಳೆದೆ, ಏಳನೆಯದು ನಾಲ್ಕೇ ಹೆಜ್ಜೆಯಷ್ಟು. ಷರಾ ಅಂಕಣದಲ್ಲಿ, ‘ಏಳನೆಯ ಗಂಡಿ ತೆಗೆದವರು: ಪ್ರಭುಸ್ವಾಮಿ, ಮೊದಲನೆಯ ಪಟ್ಟಿ. ಮೂರನೆಯ ಸಲ’ ಎಂದು ಬರೆದು ಫೈಲು ಚಾಚಿದೆ. ಅವರು ಕೆಸರುಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓದಿದರು. ಒಂದಕ್ಷರವನ್ನೂ ತಿದ್ದದೆ ಕೆಳಗೆ ಸಹಿ ಹಾಕಿದರು.